ಡಿ'ಸೋಜ ಹೆಸರಿನ ಪುಟ್ಟ ಚಿಹ್ನೆ ಮತ್ತು ನಮ್ಮ ಚರ್ಚ್ ದಾಖಲೆಗಳ ಭದ್ರತೆ

ಕರಾವಳಿಯ ಅನೇಕ ಧರ್ಮಕೇಂದ್ರಗಳಲ್ಲಿ ಕುಟುಂಬಗಳ ವಿವರಗಳನ್ನೂ ದೀಕ್ಷಾಸ್ನಾನ, ದೃಢೀಕರಣ, ವಿವಾಹ ಮತ್ತು ಮರಣದ ದಾಖಲೆಗಳನ್ನೂ ಗಣಕಯಂತ್ರಕ್ಕೆ ಏರಿಸುವ ಕೆಲಸ ನಡೆದಿದೆ. ಇನ್ನು ಕೆಲವೆಡೆ ನಡೆಯುತ್ತಿದೆ. ದುಬೈಯಲ್ಲೋ ಕುವೈತಿನಲ್ಲೋ ಮುಂಬಯಿಯಲ್ಲೋ ನೆಲೆಸಿರುವ ನಮ್ಮವರು ಒಂದು ಪ್ರಮಾಣಪತ್ರಕ್ಕಾಗಿ ಊರಿಗೆ ಬರಬೇಕಾದ ಅಗತ್ಯ ಇದರಿಂದ ಕಡಿಮೆಯಾಗುತ್ತದೆ. ಜಾಲತಾಣದಲ್ಲಿ ಹೆಸರು, ಹುಟ್ಟಿದ ದಿನಾಂಕ, ತಂದೆತಾಯಿಯ ಹೆಸರು ತುಂಬಿ ಅರ್ಜಿ ಕಳುಹಿಸಿದರೆ ಸಾಕು. ಇದು ಸಂತೋಷದ ವಿಷಯ.

ಆದರೆ ಜಾಲತಾಣದ ಅರ್ಜಿ ಎಂದರೆ ರಸ್ತೆಗೆ ತೆರೆದ ಬಾಗಿಲು. ನಮ್ಮ ಧರ್ಮಕೇಂದ್ರದವರು ಬರುವ ಬಾಗಿಲಿನಲ್ಲೇ ಜಗತ್ತಿನ ಯಾರು ಬೇಕಾದರೂ ಬರಬಹುದು. ಅಲ್ಲಿ ಬರೆದದ್ದನ್ನು ಯಂತ್ರ ಪರೀಕ್ಷಿಸದೆ ನಂಬಿದರೆ ಏನಾಗುತ್ತದೆ? ಅದನ್ನು ತಡೆಯುವುದು ಹೇಗೆ? ತಂತ್ರಜ್ಞರಿಗೆ ಮಾತ್ರ ಬಿಟ್ಟುಬಿಡುವಂಥ ಪ್ರಶ್ನೆ ಇದಲ್ಲ. ದಾಖಲೆಗಳ ಹೊಣೆ ಹೊತ್ತಿರುವ ಧರ್ಮಗುರುಗಳು, ಪಾಲನಾ ಮಂಡಳಿಯ ಸದಸ್ಯರು, ಗುರಿಕಾರರು ಮತ್ತು ಕಚೇರಿಯ ಸಿಬ್ಬಂದಿ ಇದರ ಮೂಲತತ್ವವನ್ನು ತಿಳಿದಿರುವುದು ಒಳ್ಳೆಯದು.

ದಾಖಲೆಗಳೇಕೆ ಇಷ್ಟು ಮುಖ್ಯ?

ಧರ್ಮಸಭೆಯಲ್ಲಿ ದಾಖಲೆ ಪುಸ್ತಕಗಳ ಸಂಪ್ರದಾಯ ಹಳೆಯದು. 1563ರಲ್ಲಿ ಟ್ರೆಂಟ್ ಮಹಾಸಭೆಯು ಪ್ರತಿಯೊಬ್ಬ ಧರ್ಮಕೇಂದ್ರದ ಗುರು ವಿವಾಹಗಳ ಪುಸ್ತಕ ಇಡಬೇಕೆಂದು ವಿಧಿಸಿತು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 535ನೇ ವಿಧಿ ದೀಕ್ಷಾಸ್ನಾನ, ವಿವಾಹ ಮತ್ತು ಮರಣದ ಪುಸ್ತಕಗಳು ಪ್ರತಿ ಧರ್ಮಕೇಂದ್ರದಲ್ಲೂ ಇರಬೇಕು, ಅವುಗಳನ್ನು ಸರಿಯಾಗಿ ಬರೆದು ಜತನವಾಗಿ ಕಾಪಾಡಬೇಕು ಎನ್ನುತ್ತದೆ. ದೃಢೀಕರಣ, ವಿವಾಹ, ಗುರುದೀಕ್ಷೆ ಮುಂತಾದವನ್ನು ದೀಕ್ಷಾಸ್ನಾನದ ದಾಖಲೆಯ ಪಕ್ಕದಲ್ಲೇ ನಮೂದಿಸಬೇಕೆಂಬುದೂ ಅದೇ ವಿಧಿಯಲ್ಲಿದೆ.

ಈ ಕೊನೆಯ ಮಾತು ಗಮನಾರ್ಹ. ಒಬ್ಬರ ವಿವಾಹದ ನಮೂದು ಅಳಿಸಿಹೋದರೆ ದಾಖಲೆಯ ಪ್ರಕಾರ ಅವರು ಅವಿವಾಹಿತರಂತೆ ಕಾಣುತ್ತಾರೆ. ಇಲ್ಲದ ನಮೂದು ಸೇರಿಕೊಂಡರೆ ನಿರಪರಾಧಿಯೊಬ್ಬರ ವಿವಾಹಕ್ಕೆ ತಡೆ ಬರಬಹುದು. ದತ್ತು ಪಡೆದ ಮಗುವಿನ ದಾಖಲೆ ಪರರ ಕೈಗೆ ಸಿಕ್ಕಿದರೆ ಆ ಕುಟುಂಬ ಮನಸ್ಸಿನಲ್ಲಿಟ್ಟುಕೊಂಡ ವಿಷಯ ಬೀದಿಗೆ ಬರುತ್ತದೆ. ಪ್ರತಿಯೊಬ್ಬರ ಒಳ್ಳೆಯ ಹೆಸರು ಮತ್ತು ಖಾಸಗಿತನವನ್ನು ಗೌರವಿಸಬೇಕೆಂದು ಅದೇ ಸಂಹಿತೆಯ 220ನೇ ವಿಧಿ ಹೇಳುತ್ತದೆ. ಹಾಗಾಗಿ ಇಲ್ಲಿ ಕಾಯಬೇಕಾದದ್ದು ಎರಡು: ದಾಖಲೆಯ ಗುಟ್ಟು ಮತ್ತು ದಾಖಲೆಯ ಸತ್ಯ.

ಚೀಟಿಯಲ್ಲಿ ಬರೆದದ್ದು ಪ್ರಕಟಣೆಯಾದಾಗ

ಬಲಿಪೂಜೆಯ ಉದ್ದೇಶಗಳನ್ನು ಓದುವ ಕ್ರಮ ನಮಗೆಲ್ಲ ಗೊತ್ತು. "ಇಂದಿನ ಬಲಿಪೂಜೆಯನ್ನು ಇಂಥವರ ಆತ್ಮಶಾಂತಿಗಾಗಿ ಅರ್ಪಿಸಲಾಗುತ್ತದೆ" ಎಂಬ ವಾಕ್ಯ ಸಿದ್ಧವಾಗಿರುತ್ತದೆ. 'ಇಂಥವರ' ಎಂಬಲ್ಲಿ ಚೀಟಿಯ ಹೆಸರನ್ನು ಸೇರಿಸಿ ಓದುತ್ತಾರೆ. ಯಾರೋ ಒಬ್ಬರು ಚೀಟಿಯಲ್ಲಿ ಹೆಸರಿನ ಜೊತೆಗೆ "ಆತ್ಮಶಾಂತಿಗಾಗಿ ಅರ್ಪಿಸಲಾಗುತ್ತದೆ. ಮುಂದಿನ ಭಾನುವಾರ ಕ್ರೈಸ್ತ ಶಿಕ್ಷಣ ತರಗತಿ ಇರುವುದಿಲ್ಲ" ಎಂದೂ ಬರೆದು ಪೆಟ್ಟಿಗೆಗೆ ಹಾಕಿದರೆಂದು ಭಾವಿಸಿ. ಓದುವವರು ಯೋಚಿಸದೆ ಇದ್ದದ್ದನ್ನು ಇದ್ದಂತೆ ಓದಿದರೆ, ಚೀಟಿಯ ಮಾತು ಚರ್ಚಿನ ಪ್ರಕಟಣೆಯಾಗಿಬಿಡುತ್ತದೆ. ಮುಂದಿನ ಭಾನುವಾರ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ.

ಓದುವವರು ಮನುಷ್ಯರಾದ್ದರಿಂದ ಹೀಗಾಗುವುದಿಲ್ಲ. ಹೆಸರು ಯಾವುದು, ಪ್ರಕಟಣೆ ಯಾವುದು ಎಂಬ ವಿವೇಚನೆ ಅವರಿಗಿದೆ. ಯಂತ್ರಕ್ಕೆ ಆ ವಿವೇಚನೆ ಇಲ್ಲ.

ಮಾಹಿತಿಯನ್ನು ಪಟ್ಟಿಗಳಾಗಿ ಕೂಡಿಡುವ ವ್ಯವಸ್ಥೆಗೆ ಡೇಟಾಬೇಸ್ ಎನ್ನುತ್ತೇವೆ. ಬಹುಪಾಲು ಡೇಟಾಬೇಸ್‌ಗಳೊಂದಿಗೆ ಮಾತನಾಡುವ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು. ಅದರ ಆಜ್ಞೆಯೊಂದನ್ನು ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

ಹೆಸರು = 'ಲೋಬೊ' ಆಗಿರುವವರ ದಾಖಲೆ ತೋರಿಸು.

ಹೆಸರಿನ ಆಚೀಚೆ ಇರುವ ಒಂಟಿ ಉದ್ಧರಣ ಚಿಹ್ನೆಗಳನ್ನು ನೋಡಿ. ಹೆಸರು ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂದು ಯಂತ್ರ ತಿಳಿಯುವುದು ಅವುಗಳಿಂದಲೇ. ಈಗ ನಮ್ಮ ಊರಿನ ಅತಿ ಸಾಮಾನ್ಯ ಹೆಸರೊಂದನ್ನು ಅಲ್ಲಿ ಇಡೋಣ:

ಹೆಸರು = 'ಡಿ'ಸೋಜ' ಆಗಿರುವವರ ದಾಖಲೆ ತೋರಿಸು.

ಡಿ ಅಕ್ಷರದ ನಂತರದ ಚಿಹ್ನೆ ಬಂದೊಡನೆ ಹೆಸರು ಮುಗಿಯಿತೆಂದು ಯಂತ್ರ ತಿಳಿಯುತ್ತದೆ. ಉಳಿದ 'ಸೋಜ' ಎಂಬುದು ಹೆಸರಿನ ಭಾಗವಲ್ಲ, ಆಜ್ಞೆಯ ಭಾಗ ಎಂದುಕೊಳ್ಳುತ್ತದೆ. ಅಂಥ ಆಜ್ಞೆ ಅದಕ್ಕೆ ಗೊತ್ತಿಲ್ಲದ ಕಾರಣ ದೋಷವೆಂದು ನಿಲ್ಲುತ್ತದೆ. ಪೋರ್ಚುಗೀಸರ ಕಾಲದಿಂದ ನಮ್ಮಲ್ಲಿ ಉಳಿದುಬಂದ ಡಿ'ಸೋಜ, ಡಿ'ಮೆಲ್ಲೊ, ಡಿ'ಕುನ್ಹಾ, ಡಿ'ಸಿಲ್ವ ಮುಂತಾದ ಹೆಸರುಗಳೆಲ್ಲವೂ ಇಲ್ಲಿ ಎಡವುತ್ತವೆ.

ಪ್ರಾಮಾಣಿಕ ಡಿ'ಸೋಜರಿಗೆ ಇದು ಬರೇ ಕಿರಿಕಿರಿ. ಆದರೆ ಕಳ್ಳನಿಗೆ ಇದೇ ಸುಳಿವು. ಬರೆದ ಹೆಸರು ಆಜ್ಞೆಯೊಳಗೆ ನುಗ್ಗಬಲ್ಲದು ಎಂದು ತಿಳಿದವನು ಹೆಸರಿನ ಪೆಟ್ಟಿಗೆಯಲ್ಲಿ ಲೋಬೊ' ಅಥವಾ '1'='1 ಎಂದು ಬರೆಯುತ್ತಾನೆ. ಆಗ ಆಜ್ಞೆ ಹೀಗಾಗುತ್ತದೆ:

ಹೆಸರು = 'ಲೋಬೊ' ಅಥವಾ '1'='1' ಆಗಿರುವವರ ದಾಖಲೆ ತೋರಿಸು.

ಒಂದು ಯಾವಾಗಲೂ ಒಂದಕ್ಕೆ ಸಮ. ಆದ್ದರಿಂದ ಷರತ್ತು ಎಲ್ಲರಿಗೂ ಅನ್ವಯಿಸುತ್ತದೆ. ಒಬ್ಬರ ದಾಖಲೆ ಕೊಡಬೇಕಾದ ಯಂತ್ರ ಇಡೀ ಧರ್ಮಕೇಂದ್ರದ ದಾಖಲೆಯನ್ನು ಮುಂದಿಡುತ್ತದೆ. ಇದೇ ದಾರಿಯಲ್ಲಿ ದಾಖಲೆಯನ್ನು ತಿದ್ದುವ, ಅಳಿಸುವ ಆಜ್ಞೆಗಳನ್ನೂ ತೂರಿಸಲು ಸಾಧ್ಯವಿದೆ. ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಹೆಸರು.

ಯೊವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಕುರಿಹಟ್ಟಿಗೆ ಬಾಗಿಲಿನಿಂದ ಬಾರದೆ ಬೇರೆ ಕಡೆಯಿಂದ ಹತ್ತಿ ಬರುವ ಕಳ್ಳನ ಸಾಮತಿಯಿದೆ. ಈ ಕಳ್ಳ ಗೋಡೆ ಹತ್ತುವುದಿಲ್ಲ. ಅತಿಥಿಯ ವೇಷದಲ್ಲಿ ಬಾಗಿಲಿನಿಂದಲೇ ಬರುತ್ತಾನೆ. ಹಾಗಾಗಿ ಬಾಗಿಲು ಕಾಯುವವನ ಕೆಲಸ ಹೆಚ್ಚು ಕಠಿಣ.

ಹೊರಜಗತ್ತಿನಲ್ಲಿ ನಡೆದದ್ದು

ಈ ದೋಷ ಹೊಸದೇನಲ್ಲ. 1998ರಲ್ಲಿ ಜೆಫ್ ಫಾರಿಸ್ಟಲ್ ಎಂಬ ಅಮೆರಿಕದ ಸಂಶೋಧಕರು ಫ್ರ್ಯಾಕ್ ಎಂಬ ಗಣಕ ಪತ್ರಿಕೆಯಲ್ಲಿ ಇದನ್ನು ವಿವರಿಸಿದ್ದರು. ಆದರೂ ಅಮೆರಿಕದಲ್ಲಿ ಕಾರ್ಡ್ ಪಾವತಿಗಳನ್ನು ನಿರ್ವಹಿಸುತ್ತಿದ್ದ ಹಾರ್ಟ್‌ಲ್ಯಾಂಡ್ ಸಂಸ್ಥೆಯ ಜಾಲಕ್ಕೆ ಇದೇ ದಾರಿಯಲ್ಲಿ ಕಳ್ಳರು ನುಗ್ಗಿದರು. 2009ರಲ್ಲಿ ಬಯಲಾದ ಆ ಪ್ರಕರಣದಲ್ಲಿ ಸುಮಾರು 13 ಕೋಟಿ ಕಾರ್ಡ್‌ಗಳ ವಿವರ ಕಳವಾಗಿತ್ತು. ಮುಖ್ಯ ಆರೋಪಿ ಆಲ್ಬರ್ಟ್ ಗೊನ್ಸಾಲೆಸ್‌ಗೆ 2010ರಲ್ಲಿ 20 ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು.

ಬ್ರಿಟನ್ನಿನ ದೂರವಾಣಿ ಸಂಸ್ಥೆ ಟಾಕ್‌ಟಾಕ್‌ನ ಪ್ರಕರಣ ನಮಗೆ ಇನ್ನೂ ಹೆಚ್ಚು ಪಾಠ ಹೇಳುತ್ತದೆ. 2015ರ ಅಕ್ಟೋಬರಿನಲ್ಲಿ ಅದರ 1,56,959 ಗ್ರಾಹಕರ ವೈಯಕ್ತಿಕ ವಿವರಗಳು ಪರರ ಪಾಲಾದವು. 15,656 ಮಂದಿಯ ಬ್ಯಾಂಕ್ ಖಾತೆಯ ವಿವರವೂ ಅದರಲ್ಲಿತ್ತು. ದಾಳಿ ನಡೆದದ್ದು ಸಂಸ್ಥೆ 2009ರಲ್ಲಿ ಬೇರೊಂದು ಕಂಪೆನಿಯನ್ನು ಕೊಂಡಾಗ ಜೊತೆಗೆ ಬಂದಿದ್ದ ಹಳೆಯ ಪುಟಗಳ ಮೂಲಕ. ಆ ಪುಟಗಳು ಇನ್ನೂ ಚಾಲನೆಯಲ್ಲಿವೆ ಎಂಬುದನ್ನೇ ಸಂಸ್ಥೆ ಗಮನಿಸಿರಲಿಲ್ಲ. 2016ರಲ್ಲಿ ಅಲ್ಲಿಯ ಮಾಹಿತಿ ಆಯುಕ್ತರ ಕಚೇರಿ 4 ಲಕ್ಷ ಪೌಂಡ್ ದಂಡ ವಿಧಿಸಿತು. ಹಿಂದೆ ಯಾವುದೋ ಶತಮಾನೋತ್ಸವಕ್ಕೆಂದು ಮಾಡಿಸಿ ಮರೆತುಬಿಟ್ಟ ಜಾಲತಾಣ, ಬೇರೆ ಊರಿಗೆ ಹೋದ ಯುವಕರೊಬ್ಬರು ಮಾಡಿಕೊಟ್ಟ ನೋಂದಣಿ ಅರ್ಜಿ ನಮ್ಮಲ್ಲೂ ಇರಬಹುದು. ಅವು ಯಾರ ಉಸ್ತುವಾರಿಯಲ್ಲಿವೆ ಎಂದು ಹುಡುಕುವುದು ಮೊದಲ ಕೆಲಸ.

2023ರಲ್ಲಿ ಕಡತಗಳನ್ನು ರವಾನಿಸುವ ಮೂವ್‌ಇಟ್ ಎಂಬ ತಂತ್ರಾಂಶದಲ್ಲಿ ಇದೇ ಬಗೆಯ ದೋಷ ಸಿಕ್ಕಿ ಜಗತ್ತಿನಾದ್ಯಂತ ಎರಡು ಸಾವಿರಕ್ಕೂ ಹೆಚ್ಚು ಸಂಸ್ಥೆಗಳು ತೊಂದರೆಗೊಳಗಾದವು. ಕಾಲು ಶತಮಾನದಿಂದ ಮದ್ದು ಗೊತ್ತಿರುವ ರೋಗ ಇನ್ನೂ ಹೋಗಿಲ್ಲ ಎಂದರೆ, ಮದ್ದು ಕುಡಿಸುವವರು ಇಲ್ಲವೆಂದೇ ಅರ್ಥ.

ಚಿಹ್ನೆಯನ್ನು ನಿಷೇಧಿಸಿದರೆ ಸಾಕೇ?

ಅನೇಕರು ಹಿಡಿಯುವ ಸುಲಭದ ದಾರಿ ಇದು: "ಹೆಸರಿನಲ್ಲಿ ಅಕ್ಷರಗಳು ಮಾತ್ರ ಇರಲಿ, ಚಿಹ್ನೆ ಬೇಡ." ಡಿ'ಸೋಜ ಎಂದು ಬರೆದವರಿಗೆ 'ನಿಮ್ಮ ಹೆಸರು ತಪ್ಪಾಗಿದೆ' ಎಂಬ ಕೆಂಪು ಸಂದೇಶ ಕಾಣಿಸುತ್ತದೆ. ಇದು ಸರಿಯಲ್ಲ, ಎರಡು ಕಾರಣಗಳಿಂದ.

ಮೊದಲನೆಯದು ದಾಖಲೆಯ ಪ್ರಶ್ನೆ. ಅಪ್ಪನ ದೀಕ್ಷಾಸ್ನಾನದ ಪುಸ್ತಕದಲ್ಲಿ ಚಿಹ್ನೆಯೊಂದಿಗೆ, ಮಗನ ಪಾಸ್‌ಪೋರ್ಟಿನಲ್ಲಿ ಚಿಹ್ನೆಯಿಲ್ಲದೆ, ಮೊಮ್ಮಗಳ ಶಾಲಾ ದಾಖಲೆಯಲ್ಲಿ ಡಿ ಮತ್ತು ಸೋಜ ಬೇರೆಬೇರೆಯಾಗಿ ಇರುವ ಕುಟುಂಬಗಳು ನಮ್ಮಲ್ಲಿ ಅಪರೂಪವಲ್ಲ. ಇದರಿಂದ ಆಗುವ ಅಲೆದಾಟ ಎಲ್ಲರಿಗೂ ಗೊತ್ತು. ಪುಸ್ತಕದಲ್ಲಿ ಇರುವ ಹೆಸರನ್ನು ಯಂತ್ರದ ಅನುಕೂಲಕ್ಕಾಗಿ ಬದಲಾಯಿಸುವ ಅಧಿಕಾರ ಗುಮಾಸ್ತರಿಗೂ ಇಲ್ಲ, ತಂತ್ರಾಂಶಕ್ಕೂ ಇಲ್ಲ.

ಎರಡನೆಯದು ಭದ್ರತೆಯ ಪ್ರಶ್ನೆ. ಅಪಾಯದ ಚಿಹ್ನೆಗಳ ಪಟ್ಟಿ ಮಾಡಿ ಒಂದೊಂದನ್ನೇ ತಡೆಯುತ್ತ ಹೋದರೆ ಪಟ್ಟಿ ಎಂದೂ ಪೂರ್ಣವಾಗುವುದಿಲ್ಲ. ಉದ್ಧರಣ ಚಿಹ್ನೆಯೇ ಬೇಕಿಲ್ಲದ ದಾಳಿಗಳೂ ಇವೆ. ಸದಸ್ಯ ಸಂಖ್ಯೆಯಂಥ ಅಂಕಿಯ ಜಾಗದಲ್ಲಿ ಆ ಚಿಹ್ನೆ ಮೊದಲೇ ಇರುವುದಿಲ್ಲವಲ್ಲ!

ನಿಜವಾದ ಪರಿಹಾರ ಬೇರೆ. ನಮ್ಮ ಪ್ರಮಾಣಪತ್ರದ ಅಚ್ಚು ನಮೂನೆಯನ್ನು ನೆನಪಿಸಿಕೊಳ್ಳಿ. ವಾಕ್ಯಗಳು ಮೊದಲೇ ಅಚ್ಚಾಗಿವೆ, ಹೆಸರಿಗೆ ಖಾಲಿ ಗೆರೆಯಿದೆ. ಗೆರೆಯ ಮೇಲೆ ಏನು ಬರೆದರೂ ಅಚ್ಚಾದ ವಾಕ್ಯ ಬದಲಾಗುವುದಿಲ್ಲ. ಅದೇ ರೀತಿ ಆಜ್ಞೆಯನ್ನು ಖಾಲಿ ಜಾಗದೊಂದಿಗೆ ಮೊದಲೇ ಡೇಟಾಬೇಸಿಗೆ ಕಳುಹಿಸಿ, ತುಂಬಿದ ಹೆಸರನ್ನು ಪ್ರತ್ಯೇಕವಾಗಿ ಕಳುಹಿಸುವ ಪದ್ಧತಿಯಿದೆ. ಇದನ್ನು ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಆಗ ಡಿ'ಸೋಜ ಎಂಬುದು ಪೂರ್ತಿಯಾಗಿ ಒಂದು ಹೆಸರು. ಕಳ್ಳ ಬರೆದದ್ದೂ ಒಂದು ವಿಚಿತ್ರ ಹೆಸರು ಮಾತ್ರ. ಆ ಹೆಸರಿನವರು ಯಾರೂ ಇಲ್ಲವೆಂದು ಯಂತ್ರ ಉತ್ತರಿಸಿ ಸುಮ್ಮನಾಗುತ್ತದೆ. ಈಗ ಬಳಕೆಯಲ್ಲಿರುವ ಎಲ್ಲ ಪ್ರಮುಖ ಡೇಟಾಬೇಸ್‌ಗಳಲ್ಲೂ ಈ ಸೌಲಭ್ಯವಿದೆ. ಇದಕ್ಕೆ ಹೆಚ್ಚಿನ ಹಣ ಬೇಕಿಲ್ಲ. ಬರೆಯುವವರು ಅದನ್ನು ಬಳಸಬೇಕು, ಅಷ್ಟೇ.

ಬಾಗಿಲಲ್ಲಿ ನಡೆಯಬೇಕಾದ ತಪಾಸಣೆ

ಹಾಗಾದರೆ ತುಂಬಿದ ಮಾಹಿತಿಯನ್ನು ಪರೀಕ್ಷಿಸುವುದು ಬೇಡವೇ? ಖಂಡಿತ ಬೇಕು. ಅದು ಎರಡನೆಯ ಬೀಗ. ಕೆಟ್ಟದ್ದರ ಪಟ್ಟಿ ಮಾಡುವುದಕ್ಕಿಂತ ಯಾವುದು ಸರಿ ಎಂದು ಮೊದಲೇ ನಿಗದಿಪಡಿಸಿ ಅದಕ್ಕೆ ಹೊಂದಿದ್ದನ್ನು ಮಾತ್ರ ಸ್ವೀಕರಿಸುವುದು ಇದರ ನಿಯಮ. ನಮ್ಮ ದಾಖಲೆಗಳಿಂದಲೇ ಕೆಲವು ಉದಾಹರಣೆಗಳು:

ದಿನಾಂಕ: ದೀಕ್ಷಾಸ್ನಾನದ ದಿನಾಂಕ ಜನನಕ್ಕಿಂತ ಮೊದಲು ಬರಲಾರದು. ಯಾವ ಸಂಸ್ಕಾರದ ದಿನಾಂಕವೂ ಇಂದಿನ ದಿನವನ್ನು ದಾಟಿರಲಾರದು. 03/04/1975 ಎಂದರೆ ಏಪ್ರಿಲ್ 3 ಎಂದು ನಾವು ಓದುತ್ತೇವೆ, ಅಮೆರಿಕದ ಕ್ರಮದಲ್ಲಿ ಅದು ಮಾರ್ಚ್ 4. ಆದ್ದರಿಂದ ತಿಂಗಳನ್ನು ಹೆಸರಿನಿಂದಲೇ ಆರಿಸುವಂತೆ ಅರ್ಜಿ ಇರಬೇಕು.

ಪಿನ್‌ಕೋಡ್: ಭಾರತದಲ್ಲಿ ಆರು ಅಂಕಿ, ಮೊದಲನೆಯದು ಸೊನ್ನೆಯಲ್ಲ.

ಮೊಬೈಲ್: ಭಾರತದ ಸಂಖ್ಯೆ ಹತ್ತು ಅಂಕಿಯದು, 6ರಿಂದ 9ರೊಳಗಿನ ಅಂಕಿಯಿಂದ ಆರಂಭವಾಗುತ್ತದೆ. ಆದರೆ ಕೊಲ್ಲಿ ರಾಷ್ಟ್ರಗಳಲ್ಲಿರುವವರಿಗೆ ಈ ನಿಯಮ ಹೇರಿದರೆ ಅವರು ಅರ್ಜಿ ತುಂಬುವುದೇ ಅಸಾಧ್ಯ. ದೇಶವನ್ನು ಮೊದಲು ಕೇಳಿ, ಆಮೇಲೆ ಪರೀಕ್ಷಿಸಬೇಕು.

ವಾರ್ಡ್ ಮತ್ತು ಸಂಸ್ಕಾರದ ಹೆಸರು: ಟೈಪ್ ಮಾಡಲು ಬಿಡದೆ ಸಿದ್ಧಪಟ್ಟಿಯಿಂದ ಆರಿಸುವಂತಿರಬೇಕು. ಬಂದ ಉತ್ತರ ಆ ಪಟ್ಟಿಯಲ್ಲಿ ನಿಜವಾಗಿಯೂ ಇದೆಯೇ ಎಂದು ಮತ್ತೆ ನೋಡಬೇಕು.

ಹೆಸರು: ಉದ್ದಕ್ಕೆ ಒಂದು ಮಿತಿ ಇರಲಿ, ಆದರೆ ಉದಾರವಾಗಿರಲಿ. ಅಕ್ಷರ, ಖಾಲಿ ಜಾಗ, ಚುಕ್ಕೆ, ಅಡ್ಡಗೆರೆ ಮತ್ತು ಒಂಟಿ ಉದ್ಧರಣ ಚಿಹ್ನೆಗೆ ಅವಕಾಶ ಬೇಕು. ಕೆಲವು ತಂತ್ರಾಂಶಗಳು ನೇರವಾದ ಚಿಹ್ನೆಯನ್ನು ತಾವಾಗಿ ಬಾಗಿದ ಚಿಹ್ನೆಯಾಗಿ ಬದಲಾಯಿಸುತ್ತವೆ. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆಬೇರೆ. ಹುಡುಕಿದಾಗ ಹೆಸರು ಸಿಗದಿರಲು ಇದೂ ಒಂದು ಕಾರಣ. ಉಳಿಸುವ ಮುನ್ನ ಒಂದೇ ರೂಪಕ್ಕೆ ತರುವುದು ಒಳ್ಳೆಯದು.

ಕನ್ನಡ ಅಕ್ಷರ: ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಡೇಟಾಬೇಸಿನಲ್ಲಿ ಅರ್ಥವಿಲ್ಲದ ಆಂಗ್ಲ ಅಕ್ಷರ ಮತ್ತು ಚಿಹ್ನೆಗಳ ರಾಶಿ ಉಳಿಯುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಬೇಕು. ಯುನಿಕೋಡ್ ಕನ್ನಡದಲ್ಲಿ ಕೆಲವು ಅಕ್ಷರಗಳು ಒಂದಕ್ಕೊಂದು ಒತ್ತಾಗಿ ಅಂಟದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆಯೂ ಇರುತ್ತದೆ. ಅದನ್ನು ತಪ್ಪೆಂದು ತಿರಸ್ಕರಿಸಬಾರದು.

ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಮುಂತಾದವು ನಿಜವಾಗಿ ಬೇಕಿಲ್ಲವಾದರೆ ಕೇಳಲೇಬೇಡಿ. ನಮ್ಮಲ್ಲಿ ಇಲ್ಲದ್ದನ್ನು ಯಾರೂ ಕದಿಯಲಾರರು.

ತಪಾಸಣೆ ಎಲ್ಲಿ ನಡೆಯಬೇಕು?

ಅರ್ಜಿ ತುಂಬುತ್ತಿರುವಾಗಲೇ 'ದಿನಾಂಕ ತಪ್ಪಾಗಿದೆ' ಎಂದು ತೋರಿಸುವುದು ತುಂಬುವವರ ಬ್ರೌಸರ್. ಇದು ಅವರಿಗೆ ಸಹಾಯ, ನಮಗೆ ಭದ್ರತೆಯಲ್ಲ. ಬ್ರೌಸರ್ ಇರುವುದು ಅವರ ಯಂತ್ರದಲ್ಲಿ. ದುರುದ್ದೇಶವುಳ್ಳವನು ಆ ತಪಾಸಣೆಯನ್ನು ತೆಗೆದುಹಾಕಿ ತನಗೆ ಬೇಕಾದದ್ದನ್ನು ನೇರವಾಗಿ ಕಳುಹಿಸಬಲ್ಲ. ಆದ್ದರಿಂದ ಮಾಹಿತಿ ನಮ್ಮ ಸರ್ವರ್‌ಗೆ ಬಂದ ಮೇಲೆ ಅದೇ ತಪಾಸಣೆ ಮತ್ತೊಮ್ಮೆ ನಡೆಯಲೇಬೇಕು.

ದೋಷ ಬಂದಾಗ ತೋರಿಸುವ ಸಂದೇಶದಲ್ಲೂ ಎಚ್ಚರ ಬೇಕು. ಡೇಟಾಬೇಸಿನ ಒಳವಿವರಗಳಿರುವ ಸಂದೇಶ ಹೊರಗಿನವರಿಗೆ ಕಂಡರೆ ಅದು ಕಳ್ಳನಿಗೆ ಮನೆಯ ನಕ್ಷೆ ಕೊಟ್ಟಂತೆ. ಜಾಲತಾಣದ ಅರ್ಜಿಗೆ ಹೊಸ ಕೋರಿಕೆ ಸೇರಿಸುವಷ್ಟೇ ಅಧಿಕಾರ ಸಾಕು. ಹಳೆಯ ದಾಖಲೆ ತಿದ್ದುವ, ಅಳಿಸುವ ಅಧಿಕಾರ ಅದಕ್ಕೆ ಬೇಡ. ಪ್ರಾರ್ಥನಾ ಕೋರಿಕೆಯಂಥ ಬರಹಗಳನ್ನು ಜಾಲತಾಣದಲ್ಲಿ ಮತ್ತೆ ಪ್ರಕಟಿಸುವುದಾದರೆ, ಅದರಲ್ಲಿ ಅಡಗಿರಬಹುದಾದ ಸಂಕೇತಗಳು ಓದುವವರ ಬ್ರೌಸರ್‌ನಲ್ಲಿ ಕೆಲಸ ಮಾಡದಂತೆ ಬರೇ ಅಕ್ಷರವಾಗಿಯೇ ತೋರಿಸಬೇಕು.

ಯಂತ್ರ ಹಿಡಿಯಲಾರದ ತಪ್ಪು

ಎಲ್ಲ ತಪಾಸಣೆಯಲ್ಲೂ ತೇರ್ಗಡೆಯಾಗುವ ತಪ್ಪು ಮಾಹಿತಿಯೂ ಇದೆ. ಪುಸ್ತಕದಲ್ಲಿ 1968 ಇರುವುದನ್ನು 1963 ಎಂದು ಓದಿ ಟೈಪ್ ಮಾಡಿದರೆ ಯಂತ್ರಕ್ಕೆ ತಿಳಿಯದು. ಅದು ಕೂಡ ಒಂದು ಸರಿಯಾದ ವರ್ಷವೇ. ಇಲ್ಲಿ ಬೇಕಾದದ್ದು ಎರಡು ಜೊತೆ ಕಣ್ಣು: ಒಬ್ಬರು ಟೈಪ್ ಮಾಡಲಿ, ಇನ್ನೊಬ್ಬರು ಮೂಲ ಪುಸ್ತಕದೊಂದಿಗೆ ಹೋಲಿಸಲಿ. ಪುಸ್ತಕದಲ್ಲಿ ತಿದ್ದುಪಡಿ ಬಂದಾಗ ಹಳೆಯದನ್ನು ಕೆರೆದು ಅಳಿಸದೆ ಅಂಚಿನಲ್ಲಿ ದಿನಾಂಕ ಹಾಕಿ ಬರೆಯುತ್ತೇವಲ್ಲ, ಗಣಕಯಂತ್ರದಲ್ಲೂ ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬುದು ಉಳಿಯಬೇಕು. ಗಣಕೀಕರಣವಾಯಿತೆಂದು ಹಳೆಯ ಪುಸ್ತಕವನ್ನು ಗೆದ್ದಲಿಗೆ ಬಿಡಬಾರದು. ಹಳೆಯ ಪುಸ್ತಕಗಳನ್ನು ಜಾಗ್ರತೆಯಿಂದ ಉಳಿಸಬೇಕೆಂದು 535ನೇ ವಿಧಿಯೇ ಹೇಳುತ್ತದೆ.

ತಂತ್ರಾಂಶ ಕೊಡುವವರನ್ನು ಕೇಳಬೇಕಾದ ಪ್ರಶ್ನೆಗಳು

ತಂತ್ರಜ್ಞಾನ ಗೊತ್ತಿಲ್ಲದವರೂ ಈ ಪ್ರಶ್ನೆಗಳನ್ನು ಕೇಳಬಹುದು:

1. ಹೆಸರಿನ ಜಾಗದಲ್ಲಿ ಡಿ'ಸೋಜ ಎಂದು ಬರೆದರೆ ಹಾಗೆಯೇ ಉಳಿಯುತ್ತದೆಯೇ? ಹುಡುಕಿದಾಗ ಸಿಗುತ್ತದೆಯೇ?
2. ಎಲ್ಲ ಆಜ್ಞೆಗಳಲ್ಲೂ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದ್ದೀರಾ?
3. ತಪಾಸಣೆ ಬ್ರೌಸರ್‌ನಲ್ಲಿ ಮಾತ್ರವೇ, ಸರ್ವರ್‌ನಲ್ಲೂ ಇದೆಯೇ?
4. ಜಾಲತಾಣದ ಅರ್ಜಿಗೂ ಮೂಲ ದಾಖಲೆಗೂ ನಡುವೆ ಕಚೇರಿಯವರ ಒಪ್ಪಿಗೆಯ ಹಂತವಿದೆಯೇ?
5. ಬದಲಾವಣೆಗಳ ದಾಖಲೆ ಉಳಿಯುತ್ತದೆಯೇ? ದಾಖಲೆಯ ಪ್ರತಿಯನ್ನು ಬೇರೆಡೆ ಇಟ್ಟಿದ್ದೀರಾ? ಅದರಿಂದ ಮರಳಿ ಪಡೆದು ನೋಡಿದ್ದೀರಾ?
6. ನೀವು ಮುಂದೆ ಈ ಕೆಲಸ ಬಿಟ್ಟರೆ ಯಾರು ನೋಡಿಕೊಳ್ಳುತ್ತಾರೆ?

ಮೊದಲ ಪ್ರಶ್ನೆಯನ್ನು ಕಚೇರಿಯಲ್ಲೇ ಪರೀಕ್ಷಿಸಬಹುದು. ದೋಷಸಂದೇಶ ಬಂದರೆ ಜಾಲತಾಣದ ಅರ್ಜಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ತಜ್ಞರಿಗೆ ತಿಳಿಸಿ. ಸರಿಯಾಗಿ ಉಳಿದರೂ ಅಷ್ಟರಿಂದಲೇ ಎಲ್ಲವೂ ಭದ್ರವೆಂದು ತಿಳಿಯಬಾರದು. ಉಳಿದ ಪ್ರಶ್ನೆಗಳಿಗೂ ಉತ್ತರ ಬೇಕು. ಇನ್ನೊಬ್ಬರ ಜಾಲತಾಣದಲ್ಲಿ ಇಂಥ ಪರೀಕ್ಷೆ ಮಾಡಲು ಹೋಗಬೇಡಿ, ಅದು ಕಾನೂನಿನ ಸಮಸ್ಯೆಗೆ ದಾರಿಯಾದೀತು.

ದೇಶದ ಕಾನೂನೂ ಈಗ ಈ ಹೊಣೆಯನ್ನು ನೆನಪಿಸುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಸಂಗ್ರಹಿಸುವವರು ತಕ್ಕ ಭದ್ರತಾ ಕ್ರಮ ಕೈಗೊಳ್ಳಬೇಕೆನ್ನುತ್ತದೆ. ತಪ್ಪಿದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ.

ದಂಡದ ಭಯ ಒಂದು ಕಡೆಗಿರಲಿ. ಮಗುವನ್ನು ಎತ್ತಿಕೊಂಡು ದೀಕ್ಷಾಸ್ನಾನಕ್ಕೆ ಬರುವ ತಂದೆತಾಯಿ ಆ ಮಗುವಿನ ಹೆಸರನ್ನು ನಂಬಿಕೆಯಿಂದ ನಮ್ಮ ಪುಸ್ತಕದಲ್ಲಿ ಬರೆಸುತ್ತಾರೆ. ಆ ಹೆಸರನ್ನು ಒಂದು ಚಿಹ್ನೆಯೂ ಕಳೆದುಹೋಗದಂತೆ, ಪರರ ಕೈ ತಾಗದಂತೆ ಮುಂದಿನ ತಲೆಮಾರಿಗೆ ಒಪ್ಪಿಸುವುದು ನಮ್ಮ ಸೇವೆಯ ಭಾಗ. ಪಾಲನಾ ಮಂಡಳಿಯ ಮುಂದಿನ ಸಭೆಯಲ್ಲಿ ಮೇಲಿನ ಆರು ಪ್ರಶ್ನೆಗಳಿಗೆ ಹತ್ತು ನಿಮಿಷ ಮೀಸಲಿಡಬೇಕೆಂದು ಎಲ್ಲ ಧರ್ಮಕೇಂದ್ರಗಳಲ್ಲಿ ವಿನಂತಿ.